ಬಸಮ್ಮ ಕಟ್ಟಿದ ಮಟ್ಟು

ಸಿದ್ದಪ್ಪಜ್ಜ ಹೇಳಿದ ಮಾತನ್ನು ನಾನು ಬದಲಾಯಿಸಿ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ ಎಂದಲ್ಲ, ಇಂಗ್ಲಿಷ್ ಪದ ಸಿಗಲಿಲ್ಲ ಎಂದೂ ಅಲ್ಲ — ಗೊತ್ತಿದ್ದೇ ಹೇಳಿದೆ. ನಾರ್ವೆಯ ಒಂದು ಸಣ್ಣ ಊರಿನಲ್ಲಿ, ಹಲವು ದೇಶಗಳ ಪಿಟೀಲುಗಾರರೂ ಕುಣಿತದವರೂ ಕೂಡಿದ್ದ ಉತ್ಸವದ ವೇದಿಕೆಯ ಮೇಲೆ. ನನ್ನ ಎರಡು ವಾಕ್ಯಗಳಲ್ಲಿ ಬಸಮ್ಮನ ಹೆಸರು ಇಲ್ಲವಾಯಿತು. ಊರಿಗೆ ಬಂದು ಅವಳ ಮುಂದೆಯೇ ಇನ್ನೊಂದು ಸುಳ್ಳು ಹೇಳಿದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಏಳು ವರ್ಷದಿಂದ ನಾನು —

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾನು ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ ಇಂಗ್ಲಿಷ್ ಕಲಿಸುವವಳು. ಬಸಮ್ಮ ನಮ್ಮ ಹಿಂದಿನ ಓಣಿಯವಳು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳಿಗೆ ಕೋಲಾಟ ಕಲಿಸಿದವಳು. ಅವರ ಕುಣಿತಕ್ಕೆ ಪಿಟೀಲು ಬಾರಿಸುತ್ತಿದ್ದುದು ಸಿದ್ದಪ್ಪಜ್ಜ. ಹೊಳೆಯ ದಂಡೆಯ ಕೃಷ್ಣಾ ಎಂಬ ಊರಿನವನು, ಹರೆಯದಲ್ಲಿ ಬಯಲಾಟದ ಮೇಳದಲ್ಲಿದ್ದವನು. ಗದ್ವಾಲಿನ ಒಂದು ಮದುವೆಯಲ್ಲಿ ನಾನು ಅವರನ್ನು ಮೊದಲು ನೋಡಿದೆ. ಅಜ್ಜ ಪಿಟೀಲನ್ನು ಎದೆಗೆ ಒತ್ತಿಕೊಂಡು, ನಿಂತಲ್ಲೇ ತೂಗುತ್ತ ಬಾರಿಸುತ್ತಿದ್ದ. ಆ ಮಟ್ಟು ನಿಧಾನವಾಗಿ ಶುರುವಾಗಿ, ಕೋಲುಗಳ ಸದ್ದಿನೊಳಗೆ ಏರುತ್ತ ಹೋಗಿ, ಒಮ್ಮೆಲೇ ಮತ್ತೆ ಮೆತ್ತಗಾಗುತ್ತಿತ್ತು. ಊಟಕ್ಕೆ ಎದ್ದವರೂ ನಿಂತು ಕೇಳಿದರು.

ಅದನ್ನು ಕಟ್ಟಿದವಳು ಬಸಮ್ಮ. ಗಂಡನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ, ಕಾಂಕ್ರೀಟ್ ಕಲಸುವ ಯಂತ್ರದ ಸದ್ದಿಗೆ ಅವಳ ಕೂಸು ಬೆಚ್ಚಿ ಬೀಳುತ್ತಿತ್ತಂತೆ. ಸೀರೆಯ ಜೋಳಿಗೆಯಲ್ಲಿ ಅದನ್ನು ತೂಗುತ್ತ ಮಾತಿಲ್ಲದೆ ಗುನುಗಿದ್ದೇ ಈ ಮಟ್ಟು. ಊರಿಗೆ ಮರಳಿದ ಮೇಲೆ ಅದಕ್ಕೆ ಹೆಜ್ಜೆ ಸೇರಿಸಿದಳು.

ಉತ್ಸವದ ಸುದ್ದಿ ನೋಡಿದ್ದು ನಾನು, ಅರ್ಜಿ ತುಂಬಿದ್ದೂ ನಾನು. ಸಾಂಪ್ರದಾಯಿಕ ಪಿಟೀಲು ಮತ್ತು ಕುಣಿತ ಎಂದು ಅದರಲ್ಲಿತ್ತು. ಈ ಮಟ್ಟಿನ ಮೂಲ ಯಾವುದು ಎಂದು ಕೇಳಿದ್ದರು. ನಾನು ಬಸಮ್ಮನ ಹೆಸರು ಬರೆದೆ. ನೋಡಿದೆ. ಅಳಿಸಿದೆ. ನಾಲ್ಕು ನೂರು ವರ್ಷದಿಂದ ಬಂದದ್ದು, ಕಟ್ಟಿದವರು ಯಾರೆಂದು ತಿಳಿಯದು ಎಂದು ಬರೆದೆ. ಹಳೆಯದಲ್ಲದಿದ್ದರೆ ಕರೆಯಲಾರರು ಎಂದುಕೊಂಡೆ. ಆದರೆ ಅಷ್ಟೇ ಅಲ್ಲ... ಮಣ್ಣು ಹೊರಲು ಹೋದ ಹೆಣ್ಣು ಕಟ್ಟಿದ್ದು ಎಂದರೆ ಸಣ್ಣದಾಗಿ ಕಂಡೀತು ಎಂದು ನನಗೆ ಅನಿಸಿತ್ತು. ನನಗೇ ಅನಿಸಿತ್ತು.

ಆಯ್ಕೆಯಾದೆವು. ಬಸಮ್ಮನಿಗೆ ಮಾತ್ರ ಪಾಸ್‌ಪೋರ್ಟ್ ಆಗಲಿಲ್ಲ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಾರಾಯಣಪೇಟೆಯ ಕಚೇರಿಗೆ ನಾಲ್ಕು ಸಲ ಅಲೆದರೂ ಹೊತ್ತಿಗೆ ಸರಿಹೋಗಲಿಲ್ಲ. ಹೊರಡುವ ದಿನ ಅವಳು ಕುಣಿಯುವ ಹುಡುಗಿಯರ ಸೀರೆಯ ನೆರಿಗೆಗಳನ್ನು ಹೇಗೆ ಸಿಕ್ಕಿಸಬೇಕೆಂದು ನನಗೆ ತೋರಿಸಿಕೊಟ್ಟಳು. ಅಜ್ಜನಿಗೆ ಮಾತ್ರ ಮೆಲ್ಲಗೆ ಅಂದಳು, “ಅಲ್ಲಿ ನನ್ನ ಹೆಸರ ಒಂದ್ಸಲ ಹೇಳು ಅಜ್ಜಾ. ಅಷ್ಟ ಸಾಕು.”

ಅಜ್ಜ ಮರೆಯಲಿಲ್ಲ. ಕುಣಿತ ಮುಗಿದಾಗ ನಿರೂಪಕಿ ಅವನ ಹತ್ತಿರ ಬಂದು ಈ ಮಟ್ಟಿನ ಬಗ್ಗೆ ಕೇಳಿದಳು. ನಾನು ಕನ್ನಡದಲ್ಲಿ ತಿಳಿಸಿದೆ. ಅವನು ಪಿಟೀಲಿನ ಕಮಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೇಳಿದ, “ಇದು ನಮ್ಮ ಬಸಮ್ಮ ಕಟ್ಟಿದ್ದ್ರಿ. ಪುಣೆದಾಗ ಕೂಸಿನ್ನ ಮಲಗಸಾಕ ಕಟ್ಯಾಳ. ನಾ ಬರೇ ಬಾರಸಾಂವ. ಇದನ್ನ ಬರೋಬ್ಬರಿ ಹೇಳ್ರಿ ಟೀಚರಮ್ಮ.”

ಮೈಕು ನನ್ನ ಕೈಯಲ್ಲಿತ್ತು. ನಾನು ಹೇಳಿದೆ: ಇದು ನಾಲ್ಕು ನೂರು ವರ್ಷದಿಂದ ನಮ್ಮ ಹಿರಿಯರಿಂದ ಬಂದದ್ದು, ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಬಸಮ್ಮನಿಗೆ ಸಲ್ಲುತ್ತಿದೆ ಎಂದುಕೊಂಡ ಅಜ್ಜ ಅವಳ ಪರವಾಗಿ ಎರಡೂ ಕೈ ಮುಗಿದ. ನಾನು ಪಕ್ಕದಲ್ಲೇ ನಿಂತಿದ್ದೆ. ತಿದ್ದಿ ಹೇಳಲು ಸಮಯವಿತ್ತು, ಮೈಕೂ ಇತ್ತು. ಮರುದಿನ ಅದೇ ವೇದಿಕೆಯ ಮೇಲೆ ನಾರ್ವೆಯವನೇ ಒಬ್ಬ ಮುದುಕ, ನೆರೆಮನೆಯ ಹೆಂಗಸು ಹೋದ ವರ್ಷ ಕಟ್ಟಿದ್ದು ಎಂದು ಹೇಳಿ, ಅವಳ ಹೆಸರು ಹಿಡಿದೇ ಒಂದು ಹೊಸ ಮಟ್ಟು ಬಾರಿಸಿದ. ಯಾರೂ ಅವನನ್ನು ಇಳಿಸಲಿಲ್ಲ.

ಮಕ್ತಲ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಬಸಮ್ಮ ನಿಂತಿದ್ದಳು. ಮೊದಲು ಕೇಳಿದ್ದೇ, “ಹೇಳಿದ್ರೇನ್ರಿ?”

“ನಾ ಹೇಳೀನಿ. ಟೀಚರಮ್ಮ ಇಂಗ್ಲಿಷಿನಾಗ ಹೇಳ್ಯಾರ,” ಎಂದ ಅಜ್ಜ. “ಮಂದೆಲ್ಲ ಎದ್ದು ಚಪ್ಪಾಳಿ ಹೊಡದ್ರು ನಿನಗ.”

ಅವಳು ನನ್ನ ಮುಖ ನೋಡಿದಳು.

“ಹೌದು ಬಸಮ್ಮ,” ಎಂದೆ. “ಹೇಳಿದೆ.”

ಅದನ್ನು ಅವಳು ಹತ್ತಿ ಹೊಲದಲ್ಲಿ ಹೇಳಿಕೊಂಡಳು. ಶಾಂತಿನಗರಕ್ಕೆ ಕೊಟ್ಟ ಮಗಳಿಗೆ ಹೇಳಿದಳು — ಆ ಜೋಳಿಗೆಯ ಕೂಸೇ ಅವಳು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಜೊತೆಯವರಿಗೆ ನನ್ನನ್ನು ತೋರಿಸಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಈ ವರ್ಷ ನಾರ್ವೆಯ ಒಬ್ಬ ಪಿಟೀಲುಗಾರ್ತಿ ನನಗೆ ಬರೆದಳು. ಉತ್ಸವದಲ್ಲಿ ಕೇಳಿದ ಆ ಮಟ್ಟನ್ನು ಅಲ್ಲಿ ಈಗ ತುಂಬಾ ಜನ ಬಾರಿಸುತ್ತಾರಂತೆ, ಮದುವೆಗಳಲ್ಲಿಯೂ. ಒಂದು ಪುಸ್ತಕಕ್ಕೆ ಸೇರಿಸುತ್ತಿದ್ದಾರೆ. ‘ಕಟ್ಟಿದವರು ಯಾರೆಂದು ತಿಳಿಯದು’ ಎಂದು ಹಾಕಿದ್ದೇವೆ, ಸರಿಯೇ ಎಂದು ಕೇಳಿದ್ದಳು. ಜೊತೆಗೆ ಒಂದು ಧ್ವನಿಮುದ್ರಣ ಕಳಿಸಿದ್ದಳು.

ಎರಡು ದಿನ ಉತ್ತರಿಸಲಿಲ್ಲ. ‘ಸರಿ’ ಎಂದು ಒಂದು ಪದ ಬರೆದರೆ ಮುಗಿಯುತ್ತಿತ್ತು... ಮೂರನೆಯ ದಿನ ಫೋನು ಹಿಡಿದು ಬಸಮ್ಮನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಆ ಧ್ವನಿಮುದ್ರಣ ಕೇಳಿಸಿದೆ. ಕೈ ನಿಲ್ಲಿಸಿ, ತಲೆ ಬಾಗಿಸಿ ಕೊನೆಯವರೆಗೆ ಕೇಳಿದಳು.

“ಚಲೋ ಬಾರಸ್ಯಾರ. ನಡುವ ಒಂದು ತಿರುವು ಬಿಟ್ಟಾರ ನೋಡ್ರಿ,” ಎಂದಳು. ಆಮೇಲೆ, “ಇದರಾಗ ನನ್ನ ಹೆಸರು ಎಲ್ಲಿ ಬರದಾರ? ತೋರಸ್ರಿ.”

ಆಗ ಹೇಳಿದೆ. ಅರ್ಜಿಯದು, ವೇದಿಕೆಯದು, ಬಸ್‌ಸ್ಟ್ಯಾಂಡಿನದು — ಎಲ್ಲವನ್ನೂ. ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಬೈಯಲಿಲ್ಲ.

“ಪುಣೆದಾಗ ಮೇಸ್ತ್ರಿ ಎಲ್ಲಾ ಹೆಣ್ಣಮಕ್ಕಳಿಗೂ ಕರದಂಗ ನನಗ ‘ಏ ಬಾಯಿ’ ಅಂತ ಕರೀತಿದ್ದ. ಅವಗ ನನ್ನ ಹೆಸರ ಗೊತ್ತಿದ್ದಿಲ್ಲ,” ಎಂದಳು. “ನಿಮಗ ಗೊತ್ತಿತ್ತಲ್ರಿ.”



ಅಲ್ಲೇ ಕುಳಿತು ಆ ಪಿಟೀಲುಗಾರ್ತಿಗೆ ಪತ್ರ ಬರೆದೆ. ಸುಳ್ಳು ಹೇಳಿದವಳು ನಾನು ಎಂದು ಮೊದಲ ಸಾಲಿನಲ್ಲೇ ಬರೆದು, ಒಂದೊಂದು ಸಾಲನ್ನೂ ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪುಣೆಯದನ್ನೂ ಬರೆಯಿರಿ ಎಂದಳು, ಬರೆದೆ. ಪುಸ್ತಕದಲ್ಲಿ ತಿದ್ದುತ್ತೇವೆ ಎಂದು ಉತ್ತರ ಬಂದಿದೆ. ಈಗಾಗಲೇ ಕಲಿತು ಬಾರಿಸುತ್ತಿರುವವರಿಗೆ ಯಾರು ಹೇಳುತ್ತಾರೋ ತಿಳಿಯದು. ಬಸಮ್ಮ ಈಗ ನಮ್ಮ ಮನೆಯ ಮುಂದಿನಿಂದ ಹಾಯುವುದಿಲ್ಲ. ಬಾವಿಯ ಕಡೆಯ ದಾರಿ ಹಿಡಿಯುತ್ತಾಳೆ.

ಆ ದಿನ ಏಳುವ ಮುಂಚೆ ಅವಳು ಇನ್ನೊಂದು ಮಾತು ಅಂದಿದ್ದಳು: “ಅಜ್ಜಗ ನೀವ ಹೇಳ್ರಿ. ನಾ ಹೇಳಾಂಗಿಲ್ಲ.”

ಸಿದ್ದಪ್ಪಜ್ಜನ ಕಣ್ಣುಗಳು ಈಗ ಮಂಜಾಗಿವೆ, ಪಿಟೀಲು ಹಿಡಿಯುವುದು ಅಪರೂಪ. ದೇಶಾಂತರದ ಮಂದಿಯ ಮುಂದೆ ಬಸಮ್ಮನ ಹೆಸರು ಹೇಳಿ ಬಂದೆ ಎಂದು ಸಂಜೆ ಊರ ಕಟ್ಟೆಗೆ ಕೂಡಿದವರಿಗೆ ಇವತ್ತೂ ಹೇಳುತ್ತಾನಂತೆ. ನಾಳೆ ಕೃಷ್ಣಾ ಕಡೆಯ ಬಸ್ಸಿಗೆ ಹೋಗುತ್ತಿದ್ದೇನೆ. ಅವನೊಬ್ಬನೇ ಇರುವ ಹೊತ್ತು ನೋಡಿ ಹೋಗಬಹುದಿತ್ತು. ಬೇಡ — ಕಟ್ಟೆಯ ಮೇಲೆ ಮಂದಿ ಕೂತಿರುವಾಗಲೇ ಹೇಳುತ್ತೇನೆ.