ಪೂರ್ಣವಿರಾಮವಿಲ್ಲದ ಮಾತು

ಮೊನ್ನೆ ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದಾಗ ಕಾದ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕೂರಲಾಗಲಿಲ್ಲ. ಸ್ಟೇರಿಂಗಿನ ಹಿಂದೆ ಮಾಸ್ಟ್ರು ಕೂತು ನಕ್ಕ ಹಾಗಾಯಿತು...

ತೊಂಬತ್ತರ ದಶಕ. ದೋಹಾ ಪಕ್ಕದ ಮುಐದರ್‌ನ ಹಳೇ ವಿಲ್ಲಾ ಒಂದರಲ್ಲಿ ನಮ್ಮ ಕಡೆಯ ಕೆಲವರು ಒಟ್ಟಿಗೆ ಇದ್ದೆವು. ಊರಿನ ಕಾಲೇಜಿನಲ್ಲಿ ಅಮೆರಿಕದ ಕಾದಂಬರಿ ಪಾಠ ಮಾಡಿದ್ದ ಒಬ್ಬರು ದೋಹಾದಲ್ಲಿ ಆಫೀಸು ಗುಮಾಸ್ತ. ಎಲ್ಲರಿಗೂ ಮಾಸ್ಟ್ರು. ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ, ಅವರಿಗೆ ನನ್ನನ್ನು. ಆದರೂ ಕೆಲಸಕ್ಕೆ ಹೋಗಲು ಇದ್ದದ್ದು ಅವರ ಕಾರೊಂದೇ.

ದಾರಿಯುದ್ದಕ್ಕೂ ಪಾಠ. ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಲೇಖಕರು ಕತೆಯನ್ನೇ ಒಡೆದು ಹಾಕಿದರಂತೆ. ಪೇಪರಿನ ತಲೆಬರಹ, ಜಾಹೀರಾತು, ಹಾಡಿನ ಚೂರು, ಯಾರ್ಯಾರದೋ ಅರ್ಧ ಮಾತು, ಪುಟಗಟ್ಟಲೆ ಪೂರ್ಣವಿರಾಮವಿಲ್ಲದ ವಾಕ್ಯ. ಸಮಾಜವನ್ನು ಹೀಗಲ್ಲದೆ ಬರೆಯಲಾಗದು ಎಂಬುದು ಅವರ ಹಟ.

ಆ ಬೆಳಿಗ್ಗೆ ನನಗೆ ರೇಗಿತು. "ಕತೆಗೆ ತಲೆ ಬುಡ ಬೇಡವಾ ಮಾಸ್ಟ್ರೇ?"

"ನಿನ್ನ ಬದುಕಿಗೆ ಉಂಟಾ ಮಾರಾಯ? ಬೆಳಿಗ್ಗೆ ಯಲ್ಲಾ ಯಲ್ಲಾ ಅಂತ ಓಟ, ಸಂಜೆ ಖಲಾಸ್. ಅದರಲ್ಲಿ ಮೊದಲು, ಕೊನೆ ಅಂತ ಹುಡುಕುವವ ಮಂಗ. ಕೇಳು, ಇಡೀ ಪಟ್ಟಣ ಒಟ್ಟಿಗೆ ಮಾತಾಡುವಾಗ..."

ರೌಂಡ್‌ಅಬೌಟಿಗೆ ನೀರಿನ ಟ್ಯಾಂಕರ್ ನಿಲ್ಲದೆ ನುಗ್ಗಿತು.

ನೆನಪಲ್ಲಿ ಉಳಿದದ್ದು ಬರೀ ಚೂರು. ರೇಡಿಯೋದ ಹಿಂದಿ ಹಾಡು, ಅದು ನಿಲ್ಲಲೇ ಇಲ್ಲ. ಟೂತ್‌ಪೇಸ್ಟ್ ಜಾಹೀರಾತಿನ ದೊಡ್ಡ ನಗು. ಮಡಿಲಲ್ಲಿ ಗಾಜು. ಟ್ಯಾಂಕರಿನ ನೀರು ರಸ್ತೆ ತುಂಬ ಹರಿಯುತ್ತಿದ್ದರೂ ಯಾರೋ ಮಲಯಾಳದಲ್ಲಿ ನೀರು, ನೀರು ಎಂದು ಕೂಗುತ್ತಿದ್ದರು... ಮಾಸ್ಟ್ರು ಅಲ್ಲೇ ತೀರಿಕೊಂಡಿದ್ದರು. ಕನ್ನಡಕ ಮಾತ್ರ ಒಡೆದಿರಲಿಲ್ಲ.

ಕೆಲವು ದಿನಗಳ ಬಳಿಕ ಊರಿನಿಂದ ಅವರ ಹೆಂಡತಿ ಫೋನು ಮಾಡಿದರು. ನಾನು ಹಾಡಿನಿಂದ ಶುರು ಮಾಡಿದೆ, ಗಾಜಿಗೆ ಹಾರಿದೆ, ಮತ್ತೆ ಹಾಡಿಗೇ ಬಂದೆ.

"ಹಾಗಲ್ಲ, ಮೊದಲಿಂದ ಹೇಳಿ. ಹತ್ರ ಇದ್ದದ್ದು ನೀವೊಬ್ರೇ ಅಲ್ವಾ. ಕೊನೆಗೆ ಎಂತ ಹೇಳಿದ್ರು?"

"ಕತೆಯ ವಿಷಯ ಹೇಳ್ತಾ ಇದ್ರು ಅಕ್ಕ."

"ಹೇಳಿ ಮುಗಿದಿತ್ತಾ?"

ಲೈನು ಕಡಿಯುವವರೆಗೂ ಆಕೆ ಕಾದರು.

ಮಾಸ್ಟ್ರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಒಂದು ವಾದ ಗೆಲ್ಲಲು ಸಾಯಬೇಕಿತ್ತೇ? ಎಷ್ಟು ಸಲ ಜೋಡಿಸಿದರೂ ಆ ಬೆಳಗು ಸಾಲಾಗಿ ನಿಲ್ಲುವುದಿಲ್ಲ. ನೆಟ್ಟಗಿನ ಕತೆಯಲ್ಲಾದರೆ ಟ್ಯಾಂಕರ್ ನಿಲ್ಲುತ್ತಿತ್ತು, ಮನುಷ್ಯ ತನ್ನ ಮಾತು ಮುಗಿಸಿ ನನ್ನನ್ನು ಇನ್ನೊಮ್ಮೆ ಮಂಗ ಎನ್ನುತ್ತಿದ್ದ. ಎದುರಾಡಲು ಈಗ ಅವರಿಲ್ಲ.

ವಾಸನೆ ಹೋಗಲೆಂದು ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಬಿಸಿಲಲ್ಲೇ ನಿಂತೆ.

ಇಡೀ ಪಟ್ಟಣ ಒಟ್ಟಿಗೆ ಮಾತಾಡುವಾಗ... ಏನಾಗುತ್ತದೆ ಮಾಸ್ಟ್ರೇ?