ಓರೆ ಎಳೆದ ತಂತಿ

ನನ್ನ ಚಿಕ್ಕಮ್ಮನಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದದ್ದು ಹೋಗುವುದೂ ಇಲ್ಲ. ನಮ್ಮ ಮನೆಯವರು ಅದನ್ನು ಅವಳ ದುರ್ಗುಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಿಟ್ಟನ್ನು ಜೋಪಾನ ಮಾಡುವವರು ಮನೆಗೊಬ್ಬರಾದರೂ ಇರಬೇಕು, ಇಲ್ಲದಿದ್ದರೆ ಕಂಡಕಂಡವರೆಲ್ಲ ತಲೆಯ ಮೇಲೆ ಕೂರುತ್ತಾರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕರೆಂಟ್ ಸಾಮಾನಿನ ಕೌಂಟರ್ ಅವಳದು, ಪಕ್ಕದ ಬಣ್ಣದ ಡಬ್ಬಿಗಳ ಕೌಂಟರ್ ನನ್ನದು. ನಾನು ಮೊದಲಿನಿಂದ ಇದ್ದವಳು. ಅವಳು ಸೇರಿದ್ದು ಚಿಕ್ಕಪ್ಪನ ಕೈ ಹೋದ ಮೇಲೆ.

ಚಿಕ್ಕಪ್ಪ ವೈರ್‌ಮನ್. ಒಂದು ಮನೆಯಲ್ಲಿ ಫ್ಯಾನು ಕೂರಿಸಲು ಗೋಡೆ ಕೊರೆಯುತ್ತಿದ್ದ. ಸ್ವಿಚ್ಚಿನಿಂದ ತಂತಿ ಹೋದರೆ ನೇರ ಮೇಲಕ್ಕೆ ಹೋಗಬೇಕು, ಇಲ್ಲವೇ ನೇರ ಅಡ್ಡಕ್ಕೆ. ಆ ಕಸುಬಿನವರು ಮುಖವನ್ನೇ ನೋಡದ ಇನ್ನೊಬ್ಬ ಕಸುಬುದಾರನನ್ನು ನಂಬಿ ಗೋಡೆಗೆ ಡ್ರಿಲ್ ಇಡುವುದು ಇದೊಂದು ಕಟ್ಟಳೆಯ ಮೇಲೆಯೇ. ಆ ಮನೆಯ ವೈರಿಂಗ್ ಮೇಸ್ತ್ರಿ ಒಂದಿಷ್ಟು ತಂತಿ ಉಳಿಸುವ ಆಸೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಸಿ, ಮೇಲೆ ಗಾರೆ ಮೆತ್ತಿಸಿದ್ದ. ಡ್ರಿಲ್ ಅದಕ್ಕೆ ತಾಗಿತು. ಚಿಕ್ಕಪ್ಪ ಏಣಿಯಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಆದರೆ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಗ್ರಹಚಾರ ಎಂದುಕೊಂಡು ಸುಮ್ಮನಿರಬಹುದಿತ್ತು. ಮೇಸ್ತ್ರಿ ಮಾತ್ರ ಸುಮ್ಮನಿರಲಿಲ್ಲ. ಯಾರೂ ನೋಡುವ ಮೊದಲೇ ಆ ಗೋಡೆಗೆ ಗಾರೆ ಹಚ್ಚಿಸಿ ಬಣ್ಣ ಬಳಿಸಿದ. ಬೆಳಗ್ಗೆ ಸಾಮಾನಿಗೆಂದು ವೈರ್‌ಮನ್‌ಗಳೆಲ್ಲ ನೆರೆಯುವ ಹೊತ್ತಿಗೆ ನಮ್ಮ ಅಂಗಡಿಗೇ ಬಂದು, "ನೋಡದೆ ಕೊರೆದ. ಅವನ ಕೈಗೆ ಕಣ್ಣಿಲ್ಲ" ಎಂದ. ಮಾತು ಊರೆಲ್ಲ ಸುತ್ತಿತು. ಎಡಗೈಯಿಂದಲೇ ಅರ್ಧ ಕೆಲಸ ಮಾಡಬಲ್ಲ, ಉಳಿದರ್ಧ ನಿಂತು ಮಾಡಿಸಬಲ್ಲ ಚಿಕ್ಕಪ್ಪನನ್ನು ಯಾರೂ ಕರೆಯದಂತಾಯಿತು. ಕೈ ಹೋದದ್ದಕ್ಕೆ ಅಳದ ಮನುಷ್ಯ ಆ ಮಾತಿಗೆ ಅತ್ತ.

ಚಿಕ್ಕಮ್ಮ ಜಗಳಕ್ಕೆ ಹೋಗಲಿಲ್ಲ. ಅದೇ ಅಂಗಡಿಯಲ್ಲಿ ಕೆಲಸ ಕೇಳಿಕೊಂಡು, ಅದೇ ಕೌಂಟರಿನ ಹಿಂದೆ ನಿಂತಳು. ಮರೆಯಲ್ಲಿರುವ ತಂತಿ ಹುಡುಕುವ ಸಾಧನಗಳನ್ನೆಲ್ಲ ಮನೆಗೆ ಒಯ್ದು ಚಿಕ್ಕಪ್ಪನ ಜೊತೆ ಕೂತು ಕಲಿತಳು. ಗಿರಾಕಿ ಬಂದರೆ ಅವಳ ಮೊದಲ ಪ್ರಶ್ನೆ, "ತಂತಿ ಗೋಡೇಲಿದೆಯೋ, ನೆಲದಲ್ಲೋ?" ತುದಿ ತಂತಿಯ ಹತ್ತಿರ ಹಿಡಿದರೆ ಕೀ ಎನ್ನುವ ಪೆನ್ನು, ಕಣ್ಣೆದುರಿನ ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಗೋಡೆಯ ಮೇಲೆ ಸರಿಸುವ ಪೆಟ್ಟಿಗೆ ಗಾರೆಯೊಳಗಿನದನ್ನು ತೋರಿಸುತ್ತದೆ, ಆದರೆ ಗೋಡೆ ಒದ್ದೆಯಾಗಿದ್ದರೆ ಎಲ್ಲೆಂದರಲ್ಲಿ ಕೂಗಿ ಮಾನ ಕಳೆಯುತ್ತದೆ. ನೆಲದೊಳಗಿನದಕ್ಕೆ ಜೋಡಿ ಯಂತ್ರವೇ ಬೇಕು. ಒಂದು ಕೇಬಲ್ಲಿನ ತುದಿಯಿಂದ ಸದ್ದು ಕಳಿಸುತ್ತದೆ, ಇನ್ನೊಂದು ನೆಲದ ಮೇಲೆ ಓಡಾಡುತ್ತ ಅದನ್ನು ಆಲಿಸುತ್ತದೆ. ಎಲ್ಲರಿಗೂ ಅವಳು ಬಿಡಿಸಿ ಹೇಳುತ್ತಿದ್ದಳು. ಮೇಸ್ತ್ರಿ ಬಂದರೆ ಮಾತ್ರ ಕೇಳಿದ್ದನ್ನು ಕೊಟ್ಟು, ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮೇಸ್ತ್ರಿ ಬಂದ. ಎಂದಿನ ಗತ್ತು ಕಾಣಲಿಲ್ಲ.

"ತಂಗೀ, ಆ ಪೆನ್ನು ಒಂದು ಕೊಡು. ಮಗಳ ಮನೆ ಹಿಂದೆ ಹೊಸ ಕೋಣೆಗೆ ಪಾಯ ತೆಗೀಬೇಕು. ಪಂಪಿನ ಕೇಬಲ್ ಅಲ್ಲೇ ಎಲ್ಲೋ ಇದೆ."

"ಹೂಳಿಸಿದ್ದು ಯಾರು?"

"ನಾನೇ."

"ಮತ್ತೆ ಎಲ್ಲಿದೆ ಅಂತ ಗೊತ್ತಿಲ್ವಾ?"

"ನೇರ ಹೋಗಿಲ್ಲ. ಸ್ವಲ್ಪ ಓರೆ." ಆ ಶಬ್ದ ಬಾಯಿಂದ ಜಾರಿದ ಮೇಲೆ ಅವನು ಟ್ಯೂಬ್‌ಲೈಟುಗಳ ಕಡೆ ನೋಡತೊಡಗಿದ.

ಚಿಕ್ಕಮ್ಮ ಗಾಜಿನ ಪೆಟ್ಟಿಗೆ ತೆರೆದು ಪೆನ್ನು ತೆಗೆದಳು. ಮಣ್ಣಿನ ಮೇಲೆ ಹಿಡಿದರೆ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಅದು ಸುಮ್ಮನಿದೆ, ಕೇಬಲ್ ಇಲ್ಲ ಎಂದುಕೊಂಡು ಇವನು ಅಗೆಯುತ್ತಾನೆ. ಕೊಟ್ಟುಬಿಡು ಚಿಕ್ಕಮ್ಮ, ಕೇಳಿದ್ದನ್ನೇ ಕೊಟ್ಟೆ ಅಂದರಾಯಿತು ಎಂದು ಮನಸ್ಸಿನಲ್ಲೇ ಕಿರುಚಿದೆ. ನಾನೇನು ದೇವತೆಯಲ್ಲ.

"ಅಗೆಯೋದು ಯಾರು?" ಎಂದು ಚಿಕ್ಕಮ್ಮ ಕೇಳಿದಳು.

"ಕೂಲಿಯವರು. ಗಂಡ ಹೆಂಡತಿ ಬರ್ತಾರೆ."

ಅವಳು ಪೆನ್ನನ್ನು ವಾಪಸ್ ಇಟ್ಟಳು. ಗಾಜಿನ ಪೆಟ್ಟಿಗೆಯನ್ನು ದಡಾರನೆ ಮುಚ್ಚಿದಳು. ಅದು ಕನಿಕರವಲ್ಲ, ಸಿಕ್ಕ ಬೇಟೆ ಕೈತಪ್ಪಿದ ಕೋಪ. ಜೋಡಿ ಯಂತ್ರದ ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿದಳು.

"ನಿಮಗೆ ಬೇಕಾದ್ದು ಇದು. ನಾಳೆ ಬೆಳಗ್ಗೆ ಎಲ್ಲರೂ ಇರೋವಾಗ ಬನ್ನಿ. ನಮ್ಮನೆಯವರ ಬಗ್ಗೆ ಇಲ್ಲಿ ನಿಂತು ಏನು ಹೇಳಿದ್ರೋ, ಅದು ಸುಳ್ಳು ಅಂತ ಇಲ್ಲೇ ನಿಂತು ಹೇಳಿ. ಆಮೇಲೆ ಕೊಡ್ತೀನಿ."

"ಬೇರೆ ಅಂಗಡೀಲಿ ತಗೋತೀನಿ ಬಿಡು."

"ತಗೊಳ್ಳಿ. ಅಷ್ಟರಲ್ಲಿ ನಾನು ನಿಮ್ಮ ಮಗಳ ಮನೆಗೆ ಹೋಗಿ, ಅವಳ ಮಕ್ಕಳು ಆಡೋ ಜಾಗದಲ್ಲಿ ಅವಳಪ್ಪ ಏನು ಹೂಳಿಸಿದಾರೆ, ಹೇಗೆ ಹೂಳಿಸಿದಾರೆ ಅಂತ ಹೇಳಿ ಬರ್ತೀನಿ."

ಮೇಸ್ತ್ರಿಯ ಮುಖ ಹುಳ್ಳಗಾಯಿತು.

ಮರುದಿನ ಬೆಳಗ್ಗೆ ಬಂದ. ವೈರ್‌ಮನ್‌ಗಳು ಹೋಲ್ಡರು, ಕ್ಲಿಪ್ಪು ಎಂದು ಕೌಂಟರಿಗೆ ಮುಗಿಬಿದ್ದಿದ್ದರು. ಮೇಸ್ತ್ರಿ ಏನೋ ಗೊಣಗಿದ.

"ಕೇಳಿಸಲಿಲ್ಲ," ಎಂದಳು ಚಿಕ್ಕಮ್ಮ. "ಬಣ್ಣದ ಕೌಂಟರಿಗೂ ಕೇಳೋ ಹಾಗೆ ಹೇಳಿ."

"ಆ ಗೋಡೇಲಿ ತಂತಿ ಓರೆ ಎಳೆಸಿದ್ದು ನಾನು. ಅವನದೇನೂ ತಪ್ಪಿರಲಿಲ್ಲ."

ಕೌಂಟರಿಗೆ ಚಾಚಿದ್ದ ಕೈಗಳು ಹಿಂದಕ್ಕೆ ಬಂದವು. ಆಮೇಲೆ ಒಬ್ಬ ಹಿರಿಯ ವೈರ್‌ಮನ್ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟು ಕೇಳಿದ, "ಇನ್ನೂ ಯಾವ್ಯಾವ ಮನೇಲಿ ಹಾಗೆ ಎಳೆಸಿದೀರಿ, ಮೇಸ್ತ್ರಿ? ನಾವೂ ಗೋಡೆ ಕೊರೆಯೋರೇ." ಮೇಸ್ತ್ರಿ ಮತ್ತೆ ಟ್ಯೂಬ್‌ಲೈಟುಗಳ ಕಡೆ ನೋಡತೊಡಗಿದ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಅವನಿಗೆ ಯಂತ್ರ ತೋರಿಸಿಕೊಟ್ಟಳು. ಒಂದು ಮಾತನ್ನೂ ಬಚ್ಚಿಡಲಿಲ್ಲ. ಮೊದಲು ಕರೆಂಟ್ ತೆಗೆದು ಕೇಬಲ್ಲಿನ ಎರಡೂ ತುದಿ ಬಿಚ್ಚಬೇಕು. ಒಂದು ಕ್ಲಿಪ್ಪು ತಂತಿಗೆ, ಇನ್ನೊಂದು ಪಕ್ಕಕ್ಕೆ ದೂರದಲ್ಲಿ ನೆಲಕ್ಕೆ ಬಡಿದ ಗೂಟಕ್ಕೆ. ಸದ್ದು ಜೋರಾದಲ್ಲೆಲ್ಲ ಸುಣ್ಣದ ಗುರುತು ಹಾಕಬೇಕು, ಗುರುತಿನ ಹತ್ತಿರ ಹಾರೆ ಹಾಕದೆ ಮೆಲ್ಲಗೆ ಮಣ್ಣು ಕೆರೆಯಬೇಕು. ಅವನಿಂದಲೇ ಎಲ್ಲವನ್ನೂ ತಿರುಗಿ ಹೇಳಿಸಿ, ತಪ್ಪಿದಲ್ಲಿ ಮತ್ತೆ ಹೇಳಿಸಿದಳು.

ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನು ಬಾಗಿಲಲ್ಲಿ ನಿಂತ. "ಇನ್ನಾದ್ರೂ ಸಿಟ್ಟು ಇಳೀತಾ, ತಂಗೀ?"

"ಇಲ್ಲ," ಎಂದಳು ಚಿಕ್ಕಮ್ಮ. "ಯಂತ್ರ ಕೊಟ್ಟಿದ್ದು ಆ ಕೂಲಿ ಗಂಡ ಹೆಂಡತಿಗೋಸ್ಕರ. ಗುದ್ದಲಿ ಹಿಡಿಯೋರು ನೀವೊಬ್ಬರೇ ಆಗಿದ್ದಿದ್ರೆ, ನಿನ್ನೆ ಕೇಳಿದ್ದನ್ನೇ ಕೊಟ್ಟು ಕಳಿಸ್ತಿದ್ದೆ."