ನಾನು ಓದದೆ ಸಹಿ ಹಾಕಿದ ಸಾಲು

ಕೊರೊನಾ ಮುಗಿದು ಬಸ್ಸುಗಳು ಮೊದಲಿನ ಹಾಗೆ ಓಡಾಡತೊಡಗಿದ ವರ್ಷ. ಶಿವರಾತ್ರಿಗೆ ಇನ್ನು ಎಂಟು ದಿನವಿತ್ತು. ಆ ಸಂಜೆ ನನ್ನ ಹೆಂಡತಿ ಮಂಗಳ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಒಂದು ಟಿಪ್ಪರ್ ಲಾರಿ ಹಿಂದೆ ಯಾರಿದ್ದಾರೆಂದು ನೋಡದೆ ರಿವರ್ಸ್ ಬಂದು ಅವಳ ಮೇಲೆ ಹತ್ತಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ನಲವತ್ತೊಂದು ವರ್ಷ ಅವಳಿಗೆ. ಸಾವಿನ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ಆಮೇಲೆ ಕೋರ್ಟಿನಲ್ಲಿ ನಡೆದದ್ದನ್ನು ಬರೆಯುತ್ತೇನೆ, ಅದು ನನ್ನ ತಪ್ಪಿನ ಕಥೆ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಕಿಬ್ಬನಹಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ. ಅಪ್ಪನ ಕಾಲದ ಅರವತ್ತು ತೆಂಗಿನ ಮರಗಳೂ ಇವೆ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬಂದಾಗ ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಚಿಪ್ಪು ಒಡೆಯುವುದು ಕೂಲಿ ಹೆಂಗಸರ ಕೆಲಸ, ನಮ್ಮ ಕಾಯಿಗೂ ಅವರೇ ಬರುತ್ತಿದ್ದರು. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯ ಮಚ್ಚಿನಿಂದ ಸುತ್ತಲೂ ಕುಟ್ಟುತ್ತಾ ಬರಬೇಕು, ಒಳಗಿನ ಕೊಬ್ಬರಿಗೆ ಮಾತ್ರ ಏಟು ಬೀಳಬಾರದು.

ಇದರಲ್ಲೊಂದು ಮರ್ಯಾದೆಯ ಪ್ರಶ್ನೆ ಇದೆ. ಸ್ವಂತ ಅಟ್ಟದಲ್ಲಿ ಕಾಯಿ ಇರುವ ಮನೆಯ ಹೆಂಗಸು ಇನ್ನೊಬ್ಬರ ಕಾಯಿ ಒಡೆಯಲು ಕೂಲಿಗೆ ಹೋಗುವುದಿಲ್ಲ. ಹೋದರೆ ಆ ಮನೆ ಮುಳುಗಿತೆಂದೇ ಲೆಕ್ಕ. ಕೊರೊನಾದಲ್ಲಿ ನನ್ನ ಅಂಗಡಿ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಮಗಳು ರೂಪ ಆಗಷ್ಟೇ ನರ್ಸಿಂಗ್ ಸೇರಿದ್ದಳು. ಎರಡು ಊರು ಆಚೆ ಒಂದು ಕೊಬ್ಬರಿ ಶೆಡ್ಡಿನಲ್ಲಿ ಕೆಲಸವಿದೆ, ಹೋಗುತ್ತೇನೆ ಎಂದಳು ಮಂಗಳ. ಎರಡು ದಿನ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಮೂರನೆಯ ದಿನ ಒಪ್ಪಿಕೊಂಡೆ, ಒಂದು ಷರತ್ತು ಹಾಕಿ.

"ಯಾರಾದ್ರೂ ಕೇಳಿದ್ರೆ ಅಕ್ಕನ ಮನೆಗೆ ಹೋಗಿದ್ದೆ ಅನ್ನಬೇಕು."

"ದಿನಾ ಅಕ್ಕನ ಮನೆಗೆ ಹೋಯ್ತೀನಿ ಅಂದ್ರೆ ಯಾರು ನಂಬ್ತಾರೆ ಕಣ್ರೀ?" ಎಂದು ನಕ್ಕಳು. ಆದರೂ ಹಾಗೇ ಹೇಳಿಕೊಂಡು ಎರಡು ವರ್ಷ ಹೋಗಿಬಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಹೂವು ಮುಡಿದವನು ನಾನು. ಹಿಟ್ಟು ತಂದವಳು ಅವಳು.

ಸಂಜೆ ಅಡುಗೆ ಮುಗಿಸಿ ಅವಳು ಒಲೆ ಹತ್ತಿರ ಕೂತು ಅಂಗೈಗೆ ಅರಿಶಿನ ಕಲಸಿದ ಬಿಸಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಏನಮ್ಮ, ಈ ವಯಸ್ಸಲ್ಲಿ ಮದುವಣಗಿತ್ತಿ ಸಿಂಗಾರ?" ಎಂದು ಛೇಡಿಸುತ್ತಿದ್ದೆ. "ಕೈ ಒರಟಾಗ್ತವೆ, ಬುಡಿ" ಎನ್ನುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಸತ್ತ ದಿನ ಅವಳು ಶೆಡ್ಡಿನಿಂದಲೇ ವಾಪಸು ಬರುತ್ತಿದ್ದಳು. ಪೊಲೀಸ್ ಠಾಣೆಯಲ್ಲಿ ದೂರು ಬರೆಸುವಾಗ ನನ್ನ ಹಿಂದೆ ನೆಂಟರು, ಊರಿನವರು ಹತ್ತು ಜನ ನಿಂತಿದ್ದರು. "ಎಲ್ಲಿಗೆ ಹೋಗಿದ್ರು ನಿಮ್ಮ ಮಿಸೆಸ್ಸು?" ಎಂದು ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಕೇಳಿದರು. ಅಕ್ಕನ ಮನೆಗೆ ಎಂದೆ. "ಏನು ಕೆಲಸ ಮಾಡ್ತಿದ್ರು?" ಎಂದರು. "ಏನೂ ಇಲ್ಲ ಸರ್, ಮನೇಲೇ ಇದ್ಲು" ಎಂದೆ. ಹೆಂಡತಿಯ ಹೆಣ ಆಸ್ಪತ್ರೆಯಲ್ಲಿತ್ತು. ಆಗಲೂ ನನ್ನ ಬಾಯಿಗೆ ಮರ್ಯಾದೆಯೇ ಮೊದಲು ಬಂತು. ಆಮೇಲೆ ಶವಾಗಾರದ ಹೊರಗೆ ಇನ್ನೂ ನಾಲ್ಕೈದು ಕಾಗದ ತಂದು ಮುಂದೆ ಹಿಡಿದರು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

ಪರಿಹಾರದ ಕೇಸು ಹಾಕೋಣ ಎಂದು ಒತ್ತಾಯ ಮಾಡಿದವಳು ರೂಪ. ತಿಪಟೂರಿನ ವಕೀಲರೊಬ್ಬರ ಬಳಿ ಹೋದೆವು. ಅವರು ಠಾಣೆಯ ಕಾಗದಗಳನ್ನೆಲ್ಲ ತರಿಸಿಕೊಂಡು ನನ್ನ ದೂರನ್ನು ಗಟ್ಟಿಯಾಗಿ ಓದಿದರು. 'ನನ್ನ ಹೆಂಡತಿ ಮನೆಯಲ್ಲಿಯೇ ಇದ್ದು, ಯಾವುದೇ ಕೆಲಸ ಮಾಡುತ್ತಿರಲಿಲ್ಲ.' ರೂಪ ನನ್ನ ಮುಖ ನೋಡಿದಳು.

"ಅಪ್ಪಾಜಿ, ಅಮ್ಮ ಏನೂ ಮಾಡ್ತಿರಲಿಲ್ಲ ಅಂತ ನೀನೇ ಬರೆಸಿದ್ಯಾ?"

ಹೌದೆಂದು ತಲೆ ಆಡಿಸಿದೆ. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಆ ದಿನದಿಂದ ಬೇಕಾದಷ್ಟೇ ಮಾತು. ಊಟಕ್ಕೆ ಬಾ, ಬಾಗಿಲು ಹಾಕು, ಅಷ್ಟೇ. ದುಡಿಮೆ ಇರಲಿಲ್ಲ ಎಂದರೆ ಪರಿಹಾರ ಕಡಿಮೆ ಎಂದಿದ್ದರು ವಕೀಲರು, ಆದರೆ ದುಡ್ಡಿಗಾಗಿ ಅವಳಿಗೆ ಸಿಟ್ಟು ಬಂದಿರಲಿಲ್ಲ. ತಾಯಿ ಎರಡು ವರ್ಷ ಬೆವರು ಸುರಿಸಿದ್ದನ್ನು ಅಪ್ಪ ಒಂದು ಮಾತಿನಲ್ಲಿ ಅಳಿಸಿಹಾಕಿದ ಎಂದು. ನನಗೂ ಅದೊಂದೇ ಹಟ ಹಿಡಿಯಿತು. ಗೆದ್ದರೂ ಸರಿ, ಸೋತರೂ ಸರಿ, ಆ ಮಾತು ಹೋಗಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸರ್ಕಾರಿ ಕಾಗದದ ಮೇಲೆ ಆಡಿದ ಮಾತಂತೂ ಕಲ್ಲಿನ ಮೇಲೆ ಕೊರೆದ ಹಾಗೆ.

ಶೆಡ್ಡಿನ ಮಾಲೀಕರ ಬಳಿ ಹೋಗಿ ಸಾಕ್ಷಿ ಹೇಳಿ ಎಂದು ಕೈ ಮುಗಿದೆ. ಒಳ್ಳೆಯ ಮನುಷ್ಯರೇ, ಕಾಫಿ ತರಿಸಿಕೊಟ್ಟರು. "ನಮ್ತಾವ ಪುಸ್ತಕ ಇಲ್ಲ, ಹಾಜರಿ ಇಲ್ಲ ಕಣಪ್ಪ. ನಾನ್ ಬಂದು ಹೇಳಿದ್ರೆ ನಾಳೆ ನನ್ನನ್ನೇ ಹಿಡ್ಕತಾರೆ. ತಪ್ಪು ತಿಳ್ಕೋಬ್ಯಾಡ" ಎಂದರು. ಎದ್ದು ಬಂದೆ. ಗೇಟಿನ ಹತ್ತಿರ ಹಿಂದಿನಿಂದ ಯಾರೋ ಕೂಗಿದರು. ಮಂಗಳನ ಪಕ್ಕದಲ್ಲೇ ಕೂತು ಚಿಪ್ಪು ಒಡೆಯುತ್ತಿದ್ದ ಹೊನ್ನಮ್ಮ. ಐವತ್ತೈದು ದಾಟಿದ ಹೆಂಗಸು.

"ನಾನ್ ಬತ್ತೀನಿ ಕಣಣ್ಣ. ಕೆಲ್ಸ ಹೋದ್ರೆ ಹೋಯ್ತು. ಅವಳ್ ಜತೆ ಒಂದೇ ಬುತ್ತೀಲಿ ಉಂಡಿವ್ನಿ."

ಕೋರ್ಟಿನಲ್ಲಿ ಸಾಕ್ಷಿ ಹೇಳಲು ಮೊದಲು ನನ್ನ ಸರದಿ ಬಂತು. ಲಾರಿಯ ಇನ್ಶೂರೆನ್ಸಿನವರ ಕಡೆಯ ವಕೀಲರು ಮೆತ್ತಗಿನ ಮನುಷ್ಯ. ನನ್ನ ದೂರನ್ನು ಕೈಗೆ ಕೊಟ್ಟು, ಸಹಿ ನಿಮ್ಮದೇ ತಾನೇ ಎಂದು ಕೇಳಿದರು. ನನ್ನದೇ ಎಂದೆ.

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗ ಹೇಳಿದ್ದು ಸುಳ್ಳು ಸರ್."

"ಯಾಕೆ ಸುಳ್ಳು ಹೇಳಿದ್ರಿ?"

ಹಿಂದಿನ ಬೆಂಚಿನಲ್ಲಿ ನಮ್ಮೂರಿನವರಿಬ್ಬರು ಬೇರೆ ಯಾವುದೋ ಕೇಸಿಗೆ ಬಂದು ಕೂತಿದ್ದರು. ಅವರ ಪಕ್ಕದಲ್ಲಿ ರೂಪ ಇದ್ದಳು. "ಹೆಂಡ್ತಿ ಕೂಲಿಗೆ ಹೋಗ್ತಾಳೆ ಅನ್ನೋಕೆ ನಾಚಿಕೆ ಆಯ್ತು ಸರ್" ಎಂದೆ. ಯಾರೋ ಕಿಸಕ್ಕೆಂದರು. ಹೆಚ್ಚು ಪರಿಹಾರ ಪಡೆಯಲು ಈಗ ಸುಳ್ಳು ನುಡಿಯುತ್ತಿದ್ದೀರಿ ಎಂದರು ವಕೀಲರು. ಇಲ್ಲ ಎಂದೆ. 'ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ' ಎಂದು ಟೈಪಿಸ್ಟ್ ಹೊಡೆದುಕೊಂಡರು. ಕಟಕಟೆಯಿಂದ ಇಳಿದೆ. ನನ್ನ ಮಾತನ್ನು ಯಾರೂ ನಂಬಿಲ್ಲ ಎಂದು ಅಲ್ಲಿದ್ದವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಂದು ಸಲ ಸುಳ್ಳು ಹೇಳಿದವನನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ.

ಮುಂದಿನ ತಾರೀಖಿಗೆ ಹೊನ್ನಮ್ಮ ಬಂದರು. ಹೊಸ ಸೀರೆ, ಸೆರಗು ಹೊದ್ದು ನಿಂತಿದ್ದರು. ಮಂಗಳ ಅಲ್ಲಿ ಕೆಲಸ ಮಾಡುತ್ತಿದ್ದಳು ಎನ್ನಲು ದಾಖಲೆ ಏನಿದೆ ಎಂದು ಆ ವಕೀಲರು ಕೇಳಿದರು.

"ದಾಖ್ಲೆ ಅಂದ್ರೆ ಏನ್ ಸ್ವಾಮಿ?"

"ಬರೆದಿರೋ ಕಾಗದ, ಗುರುತು, ಏನಾದ್ರೂ."

ಹೊನ್ನಮ್ಮ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಅಂಗೈ ಮೇಲೆ ಮಾಡಿ ಹಿಡಿದರು. ಹೆಬ್ಬೆರಳಿನ ಬುಡದಿಂದ ಬೆರಳ ತುದಿಯವರೆಗೆ ಗೀರುಗಳು, ಒಂದರ ಮೇಲೊಂದು. "ಗುರುತು ಇದೇ. ಮಚ್ಚು ಜಾರಿದ್ದು, ಚಿಪ್ಪು ಕುಯ್ದಿದ್ದು. ಮಂಗಳನ್ ಕೈಲೂ ಹಿಂಗೇ ಇತ್ತು. ತಂದ್ ತೋರ್ಸಾನ ಅಂದ್ರೆ ಮಣ್ಣು ಮಾಡ್ಬುಟ್ಟವ್ರೆ."

ನಮ್ಮ ವಕೀಲರು ಫೈಲನ್ನು ಸರಸರನೆ ತಿರುವಿಹಾಕುತ್ತಿದ್ದರು. ಒಂದು ಕಡೆ ಬೆರಳಿಟ್ಟು ಎದ್ದು ನಿಂತು, ಶವದ ಮಹಜರು, ಅಂದರೆ ಪೊಲೀಸರು ಶವಾಗಾರದಲ್ಲಿ ಹೆಣ ನೋಡಿ ಬರೆದ ಕಾಗದ, ನೋಡಬೇಕು ಎಂದು ನ್ಯಾಯಾಧೀಶರನ್ನು ಕೇಳಿಕೊಂಡರು. ದೇಹದ ಚಹರೆ ಬರೆಯುವ ಜಾಗದಲ್ಲಿ ಒಂದು ಸಾಲಿತ್ತು. ಗುರುತಿಗಾಗಿ ಬರೆದದ್ದು ಎಂದು ಅವರೂ ಅದನ್ನು ದಾಟಿಕೊಂಡು ಹೋಗಿದ್ದರಂತೆ. 'ಎಡ ಅಂಗೈ, ಹೆಬ್ಬೆರಳು ಮತ್ತು ತೋರುಬೆರಳಿನ ಮೇಲೆ ಹಲವಾರು ಹಳೆಯ, ಮಾಗಿದ ಗಾಯದ ಗುರುತುಗಳಿರುತ್ತವೆ.'

ನ್ಯಾಯಾಧೀಶರು ಅದನ್ನು ಎರಡು ಸಲ ಓದಿದರು. ಕೆಳಗಿದ್ದ ಸಹಿಗಳಲ್ಲಿ ಒಂದು ನನ್ನದು. ಶವಾಗಾರದ ಹೊರಗೆ ನಾನು ಓದದೆ ಹಾಕಿದ್ದು. ಒಲೆಯ ಹತ್ತಿರದ ಆ ಎಣ್ಣೆ, ಅರಿಶಿನ ಯಾಕೆಂದು ನನಗೆ ಆಗ ತಿಳಿಯಿತು. ಅವಳನ್ನು ಛೇಡಿಸಿದ ಒಂದೊಂದು ಮಾತೂ ಎದೆಗೆ ಬಂದು ಚುಚ್ಚಿತು. ತಲೆ ಎತ್ತಲಾಗದೆ ಹೊರಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಮಂಗಳ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತೆ. ಹೊನ್ನಮ್ಮ ಬಂದು ಪಕ್ಕದಲ್ಲಿ ಕೂತರು.

"ನಿಂಗೆ ಗೊತ್ತಿರ್ನಿಲ್ವ ಅಣ್ಣ?" ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ್ದರು.

ತೀರ್ಪು ನಮ್ಮ ಕಡೆ ಆಯಿತು. ಎದುರಿನವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ, ಅದು ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಹೊನ್ನಮ್ಮನ ಕೆಲಸ ಹೋಯಿತು. ಈಗ ಬೇರೆ ಊರಿನ ಶೆಡ್ಡಿಗೆ ಎರಡು ಬಸ್ಸು ಹತ್ತಿ ಹೋಗುತ್ತಾರೆ. ತೀರ್ಪಿನ ಪ್ರತಿ ಬಂದ ದಿನ ರೂಪ ಅದನ್ನು ನನ್ನ ಎದುರಿಗೇ ಓದಿದಳು. ಒಂದು ಕಡೆ ನಿಲ್ಲಿಸಿ, "ಅಪ್ಪಾಜಿ, ಇದನ್ನ ನೀನು ಓದು" ಎಂದು ನನ್ನ ಕೈಗೆ ಕೊಟ್ಟಳು. 'ಮೃತಳು ಕೊಬ್ಬರಿ ಬಿಡಿಸುವ ಕೆಲಸ ಮಾಡಿಕೊಂಡಿದ್ದಳೆಂಬುದು ಸಾಬೀತಾಗಿದೆ' ಎಂದಿತ್ತು. ಗಟ್ಟಿಯಾಗಿ ಓದಿದೆ. ಅವಳು ಅಳುತ್ತಾ ನನ್ನ ಹೆಗಲಿಗೆ ಒರಗಿದಳು. ಎಷ್ಟೋ ತಿಂಗಳ ಮೇಲೆ.

ಈಗ ಯಾರು ಕೇಳಿದರೂ, ಕೇಳದಿದ್ದರೂ, ನನ್ನ ಹೆಂಡತಿ ಕೂಲಿ ಮಾಡಿ ಮನೆ ನಡೆಸಿದಳು ಎಂದು ಹೇಳುತ್ತೇನೆ. ಕೇಳಿಸಿಕೊಳ್ಳಬೇಕಾದವಳು ಇಲ್ಲ. ಇಪ್ಪತ್ತೆರಡು ವರ್ಷ ಆ ಕೈ ಬಡಿಸಿದ್ದನ್ನು ಉಂಡೆ, ಒಂದು ದಿನವೂ ಅದನ್ನು ತಿರುಗಿಸಿ ನೋಡಲಿಲ್ಲ. ತಿರುಗಿಸಿ ನೋಡಿದವರು, ನೋಡಿದ್ದನ್ನು ಬರೆದಿಟ್ಟವರು, ಶವಾಗಾರದಲ್ಲಿದ್ದ ಒಬ್ಬ ಪೊಲೀಸಿನವರು. ಅವರ ಹೆಸರೂ ನನಗೆ ಗೊತ್ತಿಲ್ಲ.